ವರ್ಷದ ಅತ್ಯುತ್ತಮ ಮತ್ತು ಅತಿ ಕೆಟ್ಟ ವಿಡಿಯೊ ಗೇಮ್ ಆರಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ಪ್ರತಿ ಡಿಸೆಂಬರ್‌ನಲ್ಲಿ ಕಲಬುರಗಿ, ಬೀದರ್, ಯಾದಗಿರಿಯ ಓದುಗರು ತಮ್ಮ ವರ್ಷದ ಪಟ್ಟಿಗಳನ್ನು ನನಗೆ ಕಳಿಸುತ್ತಾರೆ. ಒಳ್ಳೆಯ ಆಟಗಳು ಹತ್ತು, ಕೆಟ್ಟವು ಐದು. ಓದಿದ ಮೇಲೆ ನಾನು ಕೇಳುವುದು ಎರಡೇ ಪ್ರಶ್ನೆ: ಇದನ್ನು ಎಷ್ಟು ಗಂಟೆ ಆಡಿದಿರಿ, ಯಾವ ತಿಂಗಳಲ್ಲಿ ಆಡಿದಿರಿ? ಬಹಳಷ್ಟು ಪಟ್ಟಿಗಳು ಅಲ್ಲೇ ಕುಸಿಯುತ್ತವೆ. ಮೊದಲ ಸ್ಥಾನದ ಆಟವನ್ನು ಬೇರೆಯವರು ಆಡುವುದನ್ನು ಯೂಟ್ಯೂಬ್‌ನಲ್ಲಿ ನೋಡಿರುತ್ತಾರೆ. ಕೆಟ್ಟ ಆಟಗಳ ವಿಷಯವಂತೂ ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದ ಹಾಗೆ, ಯಾರೋ ಬೈದದ್ದನ್ನು ಕೇಳಿ ಬರೆದದ್ದು.

ಈ ಹುಡುಗರಿಗೆ ಆಟದ ಅರಿವು ಕಡಿಮೆ ಇಲ್ಲ. ಅವರು ಕೆಲಸವನ್ನು ತಲೆಕೆಳಗಾಗಿ ಮಾಡುತ್ತಾರೆ, ತೊಂದರೆ ಇರುವುದು ಅಲ್ಲಿ. ಕೊನೆಗೆ ಬರಬೇಕಾದ ಅಂಕ, ಸ್ಥಾನ, ಶೀರ್ಷಿಕೆಗಳು ಮೊದಲು ಬರುತ್ತವೆ. ಜನವರಿಯಲ್ಲೇ ಆಗಬೇಕಿದ್ದ ನಿಯಮ ಮತ್ತು ದಾಖಲೆ ಕೊನೆಗೂ ಆಗುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಅದರ ಮುಂದಿನದು ನಿಲ್ಲುವುದಿಲ್ಲ.

## ಬೇಕಾಗುವ ಸಾಮಗ್ರಿ

ಒಂದು ಗೆರೆ ಹಾಕಿದ ನೋಟ್‌ಬುಕ್ ಅಥವಾ ಮೊಬೈಲ್‌ನಲ್ಲಿ ಒಂದು ಕೋಷ್ಟಕ. ನಾನು ನೋಟ್‌ಬುಕ್ ಬಳಸುತ್ತೇನೆ, ಕರೆಂಟ್ ಹೋದಾಗಲೂ ಬರೆಯಬಹುದು.

ಪರದೆಯ ಮೂಲೆಯಲ್ಲಿ ಫ್ರೇಮ್ ಎಣಿಕೆ (ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತವೆ ಎಂಬ ಲೆಕ್ಕ) ತೋರಿಸುವ ಸೌಲಭ್ಯ. ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಇದು ಸೆಟ್ಟಿಂಗ್ಸ್‌ನಲ್ಲೇ ಇದೆ. ಇದರ ಜೊತೆಗೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಉಷ್ಣಾಂಶ ತೋರಿಸುವ ಯಾವುದಾದರೂ ಉಚಿತ ತಂತ್ರಾಂಶ. ಇದು ಏಕೆ ಬೇಕು ಎಂಬುದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

ಸ್ಕ್ರೀನ್‌ಶಾಟ್ ಮತ್ತು ಸಣ್ಣ ವಿಡಿಯೊ ತುಣುಕುಗಳನ್ನು ಇಡಲು ಒಂದು ಫೋಲ್ಡರ್. ಪ್ರತಿ ಕಡತದ ಹೆಸರಿನಲ್ಲಿ ಆಟದ ಹೆಸರು ಮತ್ತು ದಿನಾಂಕ ಇರಲಿ.

ಕೊನೆಯದಾಗಿ, ಜೊತೆಗೆ ಆಡುವ ನಾಲ್ಕಾರು ಜನ. ದೊಡ್ಡ ಕಂಪನಿಯ ಹೊಸ ಆಟಕ್ಕೆ 4,000ದಿಂದ 5,000 ರೂಪಾಯಿ ಬೀಳುವಾಗ ಒಬ್ಬರೇ ವರ್ಷದ ಆಟಗಳನ್ನೆಲ್ಲ ಕೊಳ್ಳಲಾಗುವುದಿಲ್ಲ. ಹಂಚಿಕೊಂಡು ಆಡಬೇಕು.

## ಹಂತ 1: ‘ಈ ವರ್ಷ’ ಎಂದರೆ ಏನೆಂದು ಬರೆದಿಡಿ

ಒಂದೂ ಆಟದ ಹೆಸರು ಬರೆಯುವ ಮೊದಲು ಈ ನಿಯಮಗಳು ಕಾಗದದ ಮೇಲೆ ಬರಬೇಕು. ಡಿಸೆಂಬರ್‌ನಲ್ಲಿ ಬರೆದ ನಿಯಮ ನಿಮ್ಮ ಮೆಚ್ಚಿನ ಆಟಕ್ಕೆ ತಕ್ಕಂತೆ ಬಾಗುತ್ತದೆ. ಜನವರಿಯಲ್ಲಿ ಬರೆದದ್ದು ಬಾಗುವುದಿಲ್ಲ.

ಮೊದಲ ನಿಯಮ ಗಡುವಿನದು. ವಿಡಿಯೊ ಗೇಮ್‌ಗಳಿಗೆ ಪ್ರತಿ ವರ್ಷ ಪ್ರಶಸ್ತಿ ಕೊಡುವ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭ ಡಿಸೆಂಬರ್‌ನಲ್ಲಿ ನಡೆಯುವುದರಿಂದ ಅವರ ಗಡುವು ನವೆಂಬರ್‌ನಲ್ಲೇ ಮುಗಿಯುತ್ತದೆ. ‘ಸೈಬರ್‌ಪಂಕ್ 2077’ ಬಿಡುಗಡೆಯಾದದ್ದು 2020ರ ಡಿಸೆಂಬರ್ 10ರಂದು. ಆ ವರ್ಷದ ಪ್ರಶಸ್ತಿಗೆ ಅದನ್ನು ಪರಿಗಣಿಸಲಿಲ್ಲ, ಮರುವರ್ಷದ ನಾಮನಿರ್ದೇಶನಗಳಲ್ಲಿ ಅದರ ಹೆಸರು ಬಂತು. ನಿಮಗೆ ಅಂಥ ಅವಸರವಿಲ್ಲ. ಜನವರಿ 1ರಿಂದ ಡಿಸೆಂಬರ್ 31ರವರೆಗೆ ಬಂದ ಆಟಗಳನ್ನು ತೆಗೆದುಕೊಳ್ಳಿ, ಬಾಕಿ ಉಳಿದವನ್ನು ಜನವರಿ ಮೂರನೆಯ ವಾರದವರೆಗೆ ಆಡಿ, ತಿಂಗಳ ಕೊನೆಗೆ ಪಟ್ಟಿ ಪ್ರಕಟಿಸಿ. ಡಿಸೆಂಬರ್ 15ಕ್ಕೇ ಪಟ್ಟಿ ಹೊರಬರಬೇಕೆಂಬ ಆತುರವೇ ಅರ್ಧ ತಪ್ಪುಗಳ ತಾಯಿ.

ಎರಡನೆಯದು ಅರ್ಲಿ ಆಕ್ಸೆಸ್, ಅಂದರೆ ಪೂರ್ತಿಯಾಗುವ ಮೊದಲೇ ಮಾರಾಟಕ್ಕೆ ಬರುವ ಆಟ. ‘ಹೇಡೀಸ್’ 2018ರ ಡಿಸೆಂಬರ್‌ನಲ್ಲಿ ಹಾಗೆ ಬಂದು 2020ರ ಸೆಪ್ಟೆಂಬರ್‌ನಲ್ಲಿ ಪೂರ್ಣವಾಯಿತು. ‘ಬಾಲ್ಡರ್ಸ್ ಗೇಟ್ 3’ 2020ರ ಅಕ್ಟೋಬರ್‌ನಲ್ಲಿ ಬಂದು 2023ರ ಆಗಸ್ಟ್‌ನಲ್ಲಿ ಪೂರ್ಣವಾಯಿತು. ಪೂರ್ಣ ಆವೃತ್ತಿ ಬಂದ ವರ್ಷವೇ ಅದರ ವರ್ಷ ಎಂದು ಇಟ್ಟುಕೊಳ್ಳಿ. ಆದರೆ ಕೆಟ್ಟ ಆಟಗಳ ಪಟ್ಟಿಗೆ ಒಂದು ವಿನಾಯಿತಿ ಇರಲಿ: ಅರ್ಲಿ ಆಕ್ಸೆಸ್ ಸ್ಥಿತಿಯಲ್ಲೇ ಮುಚ್ಚಿಹೋದ ಆಟಕ್ಕೆ ಪೂರ್ಣ ಆವೃತ್ತಿ ಎಂದೂ ಬರುವುದಿಲ್ಲ, ಅದನ್ನು ಮುಚ್ಚಿದ ವರ್ಷದಲ್ಲೇ ಎಣಿಸಬೇಕು.

ಮೂರನೆಯದು ಹಳೆಯ ಆಟದ ಹೊಸ ರೂಪ ಮತ್ತು ವಿಸ್ತರಣೆಗಳು. ‘ರೆಸಿಡೆಂಟ್ ಈವಿಲ್ 4’ರ ಮರುನಿರ್ಮಾಣ 2023ರಲ್ಲಿ, ‘ಎಲ್ಡೆನ್ ರಿಂಗ್’ನ ವಿಸ್ತರಣೆ ‘ಶ್ಯಾಡೊ ಆಫ್ ದಿ ಎರ್ಡ್‌ಟ್ರೀ’ 2024ರಲ್ಲಿ ‘ದಿ ಗೇಮ್ ಅವಾರ್ಡ್ಸ್’ನ ವರ್ಷದ ಆಟದ ನಾಮನಿರ್ದೇಶನ ಪಡೆದವು. ವಿಸ್ತರಣೆಯ ವಿಷಯದಲ್ಲಿ ಭಾರಿ ಜಗಳವಾಯಿತು. ನನ್ನ ನಿಲುವು ಸ್ಪಷ್ಟ: ಪೂರ್ತಿ ಹೊಸದಾಗಿ ಕಟ್ಟಿದ ಮರುನಿರ್ಮಾಣಕ್ಕೆ ಅವಕಾಶ ಇರಬೇಕು, ಮೂಲ ಆಟ ಕೊಳ್ಳದೆ ಆಡಲಾಗದ ವಿಸ್ತರಣೆಗೆ ಬೇಡ. ನೀವು ಬೇರೆ ತೀರ್ಮಾನಕ್ಕೆ ಬರಬಹುದು, ಆದರೆ ಅದನ್ನು ಈಗಲೇ ಬರೆದಿಡಿ.

ನಾಲ್ಕನೆಯದು ‘ಈ ವರ್ಷ ನಾನು ಆಡಿದ ಆಟ’ ಮತ್ತು ‘ಈ ವರ್ಷ ಬಂದ ಆಟ’ಗಳ ಗೊಂದಲ. ‘ಅಮಾಂಗ್ ಅಸ್’ ಬಂದದ್ದು 2018ರಲ್ಲಿ, ಲೋಕವೆಲ್ಲ ಆಡಿದ್ದು 2020ರಲ್ಲಿ. ಇಂಥವಕ್ಕೆ ‘ತಡವಾಗಿ ಕಂಡದ್ದು’ ಎಂದು ಬೇರೆ ಪುಟ ಇಡಿ. ಮುಖ್ಯ ಪಟ್ಟಿಯೊಳಗೆ ಬೆರೆಸಬೇಡಿ.

ಇನ್ನೊಂದು ಮಾತು. ಹಣ ಕಟ್ಟಿ ಆಡುವ ರಮ್ಮಿ ಮತ್ತಿತರ ಆ್ಯಪ್‌ಗಳನ್ನು ಕೆಲವರು ಕೆಟ್ಟ ಆಟಗಳ ಪಟ್ಟಿಗೆ ಸೇರಿಸುತ್ತಾರೆ. ಸಿಟ್ಟು ನ್ಯಾಯವಾದದ್ದೇ, ನಮ್ಮ ಭಾಗದಲ್ಲಿ ಅವು ಮನೆಗಳನ್ನು ಹಾಳು ಮಾಡಿವೆ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅವು ಬೇರೆಯೇ ವರ್ಗ, ವಿಡಿಯೊ ಗೇಮ್‌ಗಳ ಅಳತೆಗೋಲು ಅವಕ್ಕೆ ಹೊಂದುವುದಿಲ್ಲ. ಹೊರಗಿಡಿ.

## ಹಂತ 2: ತಿಂಗಳವಾರು ಅಡಿಪಟ್ಟಿ

ನೋಟ್‌ಬುಕ್ಕಿನಲ್ಲಿ ಹನ್ನೆರಡು ಪುಟಗಳಿಗೆ ಹನ್ನೆರಡು ತಿಂಗಳ ಹೆಸರು ಹಾಕಿ. ಆಯಾ ತಿಂಗಳಲ್ಲಿ ಬಂದ, ನಿಮಗೆ ಆಡಬೇಕೆನಿಸಿದ ಆಟಗಳನ್ನು ಬಿಡುಗಡೆಯ ದಿನಾಂಕದೊಂದಿಗೆ ಬರೆಯಿರಿ. ಆಡಿದವಕ್ಕೆ ಗುರುತು ಹಾಕಿ. ಇದು ಐದು ನಿಮಿಷದ ಕೆಲಸ, ಆದರೆ ತಿಂಗಳು ತಪ್ಪಬಾರದು.

ಮರೆಯುವ ಅಭ್ಯಾಸವಿದ್ದರೆ ಹಬ್ಬಗಳಿಗೆ ಕಟ್ಟಿಕೊಳ್ಳಿ. ಯುಗಾದಿಗೆ ಒಮ್ಮೆ, ನಾಗರ ಪಂಚಮಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಅಡಿಪಟ್ಟಿ ತೆರೆದು ನೋಡುವುದು ನಮ್ಮ ಗುಂಪಿನ ರೂಢಿ. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಊರಿಗೆ ಬಂದಿರುತ್ತಾರೆ. ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಮುಗಿದ ಮೇಲೆ ಬಾಕಿ ಆಟಗಳ ಮಾತು. ಆದರೆ ಎಳ್ಳ ಅಮಾವಾಸ್ಯೆ ಒಂದು ವರ್ಷ ಡಿಸೆಂಬರ್‌ನಲ್ಲಿ, ಇನ್ನೊಂದು ವರ್ಷ ಜನವರಿಯಲ್ಲಿ ಬರುವುದರಿಂದ ಅದನ್ನೇ ಗಡುವಾಗಿ ಇಟ್ಟುಕೊಳ್ಳಬೇಡಿ.

ಅಡಿಪಟ್ಟಿಯಲ್ಲಿ ಸಣ್ಣ ಆಟಗಳಿಗೆ ಬೇಕೆಂದೇ ಜಾಗ ಇಡಿ. ‘ಬಲಾಟ್ರೋ’ 2024ರ ಫೆಬ್ರುವರಿಯಲ್ಲಿ ಬಂತು. ಒಬ್ಬನೇ ಮನುಷ್ಯ ರೂಪಿಸಿದ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುವ ಇಸ್ಪೀಟಿನ ಎಲೆಗಳ ಆಟ ಅದು. ವರ್ಷದ ಕೊನೆಗೆ ಕೋಟಿಗಟ್ಟಲೆ ಸುರಿದು ಮಾಡಿದ ಆಟಗಳ ಸಾಲಿನಲ್ಲಿ ‘ದಿ ಗೇಮ್ ಅವಾರ್ಡ್ಸ್’ನ ವರ್ಷದ ಆಟದ ನಾಮನಿರ್ದೇಶನ ಪಡೆಯಿತು. ‘ವ್ಯಾಂಪೈರ್ ಸರ್ವೈವರ್ಸ್’ 2023ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಅತ್ಯುತ್ತಮ ಆಟದ ಪ್ರಶಸ್ತಿಯನ್ನೇ ಗೆದ್ದಿತು. ಪುಣೆಯ ತಂಡವೊಂದು ಮಾಡಿದ ‘ರಾಜಿ’ 2020ರಲ್ಲಿ, ಕೆನಡಾಕ್ಕೆ ಹೋದ ತಮಿಳು ಕುಟುಂಬದ ಅಡುಗೆಮನೆಯ ಕಥೆ ಹೇಳುವ ‘ವೆಂಬಾ’ 2023ರಲ್ಲಿ ಬಂದವು. ಇವುಗಳಿಗೆ ಭಾರಿ ಯಂತ್ರ ಬೇಕಿಲ್ಲ. ನಮ್ಮ ಜಿಲ್ಲೆಗಳ ಬಹುಪಾಲು ಮನೆಗಳಲ್ಲಿ ಇರುವ ಕಂಪ್ಯೂಟರಿಗೆ ಒಗ್ಗುವ ಆಟಗಳು ಇಂಥವೇ, ಆದರೂ ನನಗೆ ಬರುವ ಪಟ್ಟಿಗಳಲ್ಲಿ ಇವು ಕಾಣುವುದೇ ಅಪರೂಪ. ನನ್ನ ನಿಜವಾದ ಬೇಸರ ಇದು.

ಎಚ್ಚರಿಕೆಯ ಗುರುತು: ನಿಮ್ಮ ಅಡಿಪಟ್ಟಿಯ ಜನವರಿಯಿಂದ ಏಪ್ರಿಲ್‌ವರೆಗಿನ ಪುಟಗಳು ಬರಿದಾಗಿ, ಸೆಪ್ಟೆಂಬರ್ ನಂತರದವು ತುಂಬಿದ್ದರೆ ನೀವು ದಾಖಲಿಸಲು ಆರಂಭಿಸಿದ್ದೇ ತಡವಾಗಿ.

## ಹಂತ 3: ಆಟಕ್ಕಿಂತ ಮೊದಲು ನಿಮ್ಮ ಯಂತ್ರವನ್ನು ಪರೀಕ್ಷಿಸಿ

ಹೆಚ್ಚಿನ ಮಾರ್ಗದರ್ಶಿಗಳಲ್ಲಿ ಈ ಹಂತ ಇರುವುದಿಲ್ಲ. ಕಲಬುರಗಿಯಲ್ಲಿ ಕೂತು ಬರೆಯುವ ನನಗೆ ಇದನ್ನು ಬಿಡಲಾಗದು.

ಒಂದು ವರ್ಷ ಮೇ ತಿಂಗಳಲ್ಲಿ ನಾನು ಒಂದು ಆಟವನ್ನು ಆಡಿ, ತಡೆತಡೆದು ಓಡುತ್ತದೆ ಎಂದು ಕೆಟ್ಟ ಆಟಗಳ ಪುಟಕ್ಕೆ ಸೇರಿಸಿದ್ದೆ. ಸೇಡಂ ರಸ್ತೆಯ ಕಡೆಯ ಮಹಡಿ ಕೋಣೆ, ಹೊರಗೆ 42 ಡಿಗ್ರಿ. ನವೆಂಬರ್‌ನಲ್ಲಿ ಅದೇ ಲ್ಯಾಪ್‌ಟಾಪ್‌ನಲ್ಲಿ, ಅದೇ ಆವೃತ್ತಿಯನ್ನು, ಅದೇ ಸೆಟ್ಟಿಂಗ್‌ಗಳಲ್ಲಿ ಮತ್ತೆ ಆಡಿದೆ. ನೀರು ಹರಿದಂತೆ ಓಡಿತು. ಫ್ಯಾನಿನ ಜಾಲರಿಯಲ್ಲಿ ಕೂತ ಧೂಳನ್ನು ದಸರಾ ರಜೆಯಲ್ಲಿ ತೆಗೆಸಿದ್ದೆ, ಹೊರಗಿನ ಬಿಸಿಲೂ ಇಳಿದಿತ್ತು, ಅಷ್ಟೇ ವ್ಯತ್ಯಾಸ. ಆಟ ಮಾಡಿದವರಿಗೆ ನಾನು ಅನ್ಯಾಯ ಮಾಡಲಿದ್ದೆ ಎಂಬುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಕಾರಣ ಸರಳ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್‌ನ ಬಿಸಿ 95ರಿಂದ 100 ಡಿಗ್ರಿಯ ಹತ್ತಿರ ಹೋದಾಗ ಅದು ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗ ಫ್ರೇಮ್‌ಗಳು ಬೀಳುತ್ತವೆ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾವು ಆಟವನ್ನು ದೂರುತ್ತೇವೆ.

ಆದ್ದರಿಂದ ಹೀಗೆ ಮಾಡಿ:

1. ಚೆನ್ನಾಗಿ ಓಡುತ್ತದೆ ಎಂದು ನಿಮಗೆ ಗೊತ್ತಿರುವ ಒಂದು ಹಳೆಯ ಆಟವನ್ನು ಇಪ್ಪತ್ತು ನಿಮಿಷ ಆಡಿ. ಫ್ರೇಮ್ ಮತ್ತು ಉಷ್ಣಾಂಶ ಬರೆದುಕೊಳ್ಳಿ. ಇದು ನಿಮ್ಮ ಯಂತ್ರದ ಅಂದಿನ ಆರೋಗ್ಯ.
2. ಅದೂ ಎಂದಿಗಿಂತ ನಿಧಾನವಾಗಿದ್ದರೆ ಆ ದಿನ ಹೊಸ ಆಟವನ್ನು ಪರೀಕ್ಷಿಸಬೇಡಿ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಅಥವಾ ರಾತ್ರಿ ಹತ್ತರ ನಂತರ ಆಡಿ.
3. ಲ್ಯಾಪ್‌ಟಾಪ್ ಚಾರ್ಜರಿಗೆ ಹಾಕಿದೆಯೇ ಎಂದು ನೋಡಿಕೊಳ್ಳಿ. ಬ್ಯಾಟರಿಯ ಮೇಲೆ ಓಡುವಾಗ ಅದು ವೇಗ ತಗ್ಗಿಸಿಕೊಳ್ಳುತ್ತದೆ. ಕರೆಂಟ್ ಹೋಗಿ ಬರುವ ದಿನಗಳಲ್ಲಿ ಈ ತಪ್ಪು ಗೊತ್ತಾಗದಂತೆ ನುಸುಳುತ್ತದೆ.
4. ಕಂಪ್ಯೂಟರ್ ಆಟವಾದರೆ ಮೊದಲ ಅರ್ಧ ಗಂಟೆಯನ್ನು ಎರಡು ಸಲ ಆಡಿ. ಎಷ್ಟೋ ಆಟಗಳು ಮೊದಲ ಸಲ ಚಿತ್ರದ ಸಂಸ್ಕರಣೆ ಸಿದ್ಧಪಡಿಸಿಕೊಳ್ಳುವಾಗ ತಡವರಿಸುತ್ತವೆ. ಎರಡನೆಯ ಸಲವೂ ಅದೇ ಜಾಗದಲ್ಲಿ ತಡವರಿಸಿದರೆ ಮಾತ್ರ ಬರೆಯಿರಿ.
5. ಆನ್‌ಲೈನ್ ಆಟದಲ್ಲಿ ಪಿಂಗ್ (ಸರ್ವರ್ ತಲುಪಿ ಮರಳಲು ಹಿಡಿಯುವ ಸಮಯ) ಎಷ್ಟು, ಸರ್ವರ್ ಮುಂಬೈನದೋ ಸಿಂಗಪುರದ್ದೋ ಎಂದು ಬರೆದುಕೊಳ್ಳಿ. ಭಾರತದಲ್ಲಿ ಸರ್ವರ್ ಇಡದಿರುವುದು ಕಂಪನಿಯ ದೋಷ. ಮನೆಯವರೆಲ್ಲ ಸಂಜೆ ಅದೇ ವೈಫೈನಲ್ಲಿ ಧಾರಾವಾಹಿ ನೋಡುತ್ತಿರುವುದು ಕಂಪನಿಯ ದೋಷವಲ್ಲ.

ಕದ್ದ ಪ್ರತಿಗಳ ಬಗ್ಗೆಯೂ ಇಲ್ಲೇ ಹೇಳಬೇಕು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ದಾಟುವ ಪ್ರತಿ ಸಾಮಾನ್ಯವಾಗಿ ಬಿಡುಗಡೆಯ ದಿನದ ಹಳೆಯ ಆವೃತ್ತಿ, ಆಮೇಲೆ ಬಂದ ಪ್ಯಾಚ್‌ಗಳು, ಅಂದರೆ ದೋಷ ತಿದ್ದುವ ಕಡತಗಳು, ಅದರಲ್ಲಿ ಇರುವುದಿಲ್ಲ. ಅದನ್ನು ಆಡಿ ‘ಬಗ್‌ಗಳ (ದೋಷಗಳ) ರಾಶಿ’ ಎಂದು ಬರೆಯುವುದು ಸುಳ್ಳು ಸಾಕ್ಷಿಗೆ ಸಮ. ಅಂಥ ಆಟಕ್ಕೆ ನಮ್ಮ ಗುಂಪಿನಲ್ಲಿ ಮತವಿಲ್ಲ. ಬೀದರ್‌ನ ಗೆಳೆಯ ರೈಲಿನಲ್ಲಿ ಬರುವಾಗ ತರುವ ಡಿಸ್ಕ್ ನ್ಯಾಯದ್ದೇ, ಆದರೆ ಅದನ್ನೂ ಪ್ಯಾಚ್ ಇಳಿಸಿಕೊಂಡ ಮೇಲೆಯೇ ಆಡಬೇಕು. ಪ್ಯಾಚ್‌ಗಳೇ ಹತ್ತಾರು ಜಿಬಿ ಇರುತ್ತವೆ, ಹಿಂದಿನ ರಾತ್ರಿಯೇ ಡೌನ್‌ಲೋಡ್‌ಗೆ ಹಾಕಿಡಿ.

## ಹಂತ 4: ಎಷ್ಟು ಆಡಬೇಕು, ಏನು ಬರೆಯಬೇಕು

ತೊಗರಿ ಕೊಳ್ಳುವವರು ಚೀಲದ ಬಾಯಿಯಲ್ಲಿರುವ ಕಾಳನ್ನಷ್ಟೇ ನೋಡಿ ಬೆಲೆ ಕಟ್ಟುವುದಿಲ್ಲ, ಒಳಗಿನಿಂದ ಒಂದು ಹಿಡಿ ತೆಗೆದು ನೋಡುತ್ತಾರೆ. ಆಟಕ್ಕೂ ಅಷ್ಟು ಗೌರವ ಸಲ್ಲಬೇಕು.

ಕಥೆಯುಳ್ಳ ಆಟವನ್ನು ಒಳ್ಳೆಯದರ ಪಟ್ಟಿಗೆ ಸೇರಿಸಬೇಕಾದರೆ ಪೂರ್ತಿ ಮುಗಿಸಿರಬೇಕು. ಮೊದಲ ಆರು ಗಂಟೆ ಮಿಂಚಿ ಕೊನೆಗೆ ಬಳಲುವ ಆಟಗಳು ಬಹಳ. ಎಪ್ಪತ್ತು–ಎಂಬತ್ತು ಗಂಟೆಯ ದೊಡ್ಡ ಆಟವಾದರೆ ಗುಂಪಿನಲ್ಲಿ ಕನಿಷ್ಠ ಒಬ್ಬರು ಮುಗಿಸಿರಬೇಕು, ಉಳಿದವರು ಅರ್ಧ ದಾಟಿರಬೇಕು. ಕೊನೆಯೇ ಇಲ್ಲದ ಆಟಗಳಿಗೆ ಇಪ್ಪತ್ತು ಗಂಟೆ ಸಾಕು, ಆದರೆ ಅವು ಕನಿಷ್ಠ ಮೂರು ವಾರಗಳಲ್ಲಿ ಹರಡಿರಲಿ. ಒಂದೇ ಶನಿವಾರ–ಭಾನುವಾರ ಮುಳುಗಿ ಆಡಿದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಪ್ರತಿ ಸಲ ಆಡಿ ಎದ್ದಾಗ ನಾಲ್ಕು ಸಾಲು ಬರೆಯಿರಿ: ದಿನಾಂಕ ಮತ್ತು ಗಂಟೆ, ಆವೃತ್ತಿಯ ಸಂಖ್ಯೆ, ಯಾವ ಯಂತ್ರ, ಮತ್ತು ಇಂದು ಆಟದಲ್ಲಿ ನಡೆದ ಒಂದು ನಿರ್ದಿಷ್ಟ ಸಂಗತಿ. ಈ ನಾಲ್ಕನೆಯ ಸಾಲಿನಲ್ಲೇ ಎಲ್ಲರೂ ಎಡವುತ್ತಾರೆ. ‘ಗ್ರಾಫಿಕ್ಸ್ ಅದ್ಭುತ’ ಎಂದು ಬರೆದಿದ್ದರೆ ಡಿಸೆಂಬರ್‌ನಲ್ಲಿ ಅದರಿಂದ ಏನೂ ನೆನಪಾಗುವುದಿಲ್ಲ. ‘ಸೇತುವೆಯ ಕಾಳಗದಲ್ಲಿ ಹನ್ನೊಂದು ಸಲ ಸತ್ತೆ, ಪ್ರತಿ ಸಲವೂ ತಪ್ಪು ನನ್ನದೇ ಎಂದು ಗೊತ್ತಾಗುತ್ತಿತ್ತು, ಬಿಡಬೇಕೆನಿಸಲಿಲ್ಲ’ ಎಂದು ಬರೆದಿದ್ದರೆ ಇಡೀ ಸಂಜೆ ಮರಳಿ ಬರುತ್ತದೆ, ಜೊತೆಗೆ ಆ ಆಟ ಏಕೆ ಒಳ್ಳೆಯದು ಎಂಬುದೂ.

## ಹಂತ 5: ತಣಿಯಲು ಬಿಡಿ

ಮುಗಿಸಿದ ದಿನ ಸ್ಥಾನ ಕೊಡಬೇಡಿ. ಮೂರು ವಾರ ಬಿಟ್ಟು, ನೋಟ್‌ಬುಕ್ ತೆರೆಯದೆ, ಆ ಆಟದಿಂದ ನೆನಪಾಗುವ ಮೂರು ಸಂಗತಿಗಳನ್ನು ಬರೆಯಿರಿ. ಮೂರು ಸಿಗದಿದ್ದರೆ ಆ ಆಟ ಮೊದಲ ಐದರಲ್ಲಿ ಇರತಕ್ಕದ್ದಲ್ಲ. ಡಿಸೆಂಬರ್‌ನಲ್ಲಿ ಬಂದ ಆಟಕ್ಕೂ ಈ ಮೂರು ವಾರ ಸಿಗಲೆಂದೇ ಪ್ರಕಟಣೆಯನ್ನು ಜನವರಿ ಕೊನೆಗೆ ಇಟ್ಟದ್ದು.

## ಹಂತ 6: ಅತ್ಯುತ್ತಮವನ್ನು ಆರಿಸುವುದು

ಕಥೆಗೆ ಇಷ್ಟು, ಸಂಗೀತಕ್ಕೆ ಇಷ್ಟು, ದೃಶ್ಯಕ್ಕೆ ಇಷ್ಟು ಎಂದು ಹತ್ತರಲ್ಲಿ ಅಂಕ ಹಾಕಿ ಕೂಡುವ ಪದ್ಧತಿ ಬಹಳ ಜನಪ್ರಿಯ. ದಯವಿಟ್ಟು ಅದನ್ನು ಬಿಡಿ. ‘ಬಲಾಟ್ರೋ’ದಲ್ಲಿ ಕಥೆಯೇ ಇಲ್ಲ. ಅದಕ್ಕೆ ಕಥೆಯ ಸಾಲಿನಲ್ಲಿ ಸೊನ್ನೆ ಹಾಕಿದರೆ ಕೂಡಿಕೆಯಲ್ಲಿ ಸಾಧಾರಣ ಆಟಗಳೆಲ್ಲ ಅದನ್ನು ಹಿಂದಿಕ್ಕುತ್ತವೆ. ಕೂಡುವ ಲೆಕ್ಕದಲ್ಲಿ ಗೆಲ್ಲುವುದು ಎಲ್ಲದರಲ್ಲೂ ಏಳು ಅಂಕ ಪಡೆಯುವ, ಯಾರಿಗೂ ನೆನಪಿರದ ಆಟ.

ಅದರ ಬದಲು ಎರಡೆರಡನ್ನು ಎದುರುಬದುರು ಇಡಿ. ಕೊನೆಗೆ ಉಳಿದ ಹತ್ತು ಒಳ್ಳೆಯ ಆಟಗಳ ಹೆಸರನ್ನು ಚೀಟಿಗಳಲ್ಲಿ ಬರೆದು ಎರಡು ಚೀಟಿ ತೆಗೆಯಿರಿ. ಪ್ರಶ್ನೆ ಒಂದೇ: ಎರಡರ ನೆನಪೂ ಅಳಿಸಿಹೋಗಿ, ಒಂದನ್ನು ಮಾತ್ರ ಮೊದಲ ಸಲದಂತೆ ಮತ್ತೆ ಆಡಬಹುದಾದರೆ ಯಾವುದು? ಗೆದ್ದ ಚೀಟಿ ಮೇಲೆ, ಸೋತದ್ದು ಕೆಳಗೆ. ಮೂರನೆಯ ಚೀಟಿಯನ್ನು ಕೆಳಗಿನಿಂದ ಒಂದೊಂದಕ್ಕೆ ಹೋಲಿಸುತ್ತ ಅದರ ಜಾಗಕ್ಕೆ ಸೇರಿಸಿ. ಹತ್ತೂ ಮುಗಿಯಲು ಒಂದು ಸಂಜೆ ಸಾಕು. ಪ್ರತಿ ತೀರ್ಪಿನ ಕಾರಣವನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ, ಮುಂದೆ ನಿಮ್ಮ ಬರಹದ ಅರ್ಧ ಅಲ್ಲಿಯೇ ಸಿದ್ಧವಾಗಿರುತ್ತದೆ.

ಪ್ರಶಸ್ತಿಗಳನ್ನು ಏನು ಮಾಡಬೇಕು ಎಂದು ಕೇಳುತ್ತಾರೆ. 2022ರಲ್ಲಿ ‘ಎಲ್ಡೆನ್ ರಿಂಗ್’, 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’, 2024ರಲ್ಲಿ ‘ಆಸ್ಟ್ರೋ ಬಾಟ್’, 2025ರಲ್ಲಿ ‘ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ದಿ ಗೇಮ್ ಅವಾರ್ಡ್ಸ್‌ನ ವರ್ಷದ ಆಟ ಎನಿಸಿಕೊಂಡವು. ಅಲ್ಲಿ ವಿಮರ್ಶಕರ ಮಂಡಳಿಯ ಮತಕ್ಕೆ ಶೇ 90, ಸಾರ್ವಜನಿಕರ ಮತಕ್ಕೆ ಶೇ 10ರ ತೂಕ. ಆ ಪಟ್ಟಿಯಿಂದ ಅಡಿಪಟ್ಟಿಗೆ ಹೆಸರು ಪಡೆಯಬಹುದು, ಸ್ಥಾನ ಪಡೆಯಬಾರದು. ಅವರ ಆರು ನಾಮನಿರ್ದೇಶನಗಳೂ ನಿಮ್ಮ ಮೊದಲ ಆರೂ ಒಂದೇ ಆಗಿದ್ದರೆ ಅದು ಎಚ್ಚರಿಕೆಯ ಗುರುತು. ಚೀಟಿಗಳನ್ನು ಇನ್ನೊಮ್ಮೆ ಎಳೆಯಿರಿ.

## ಹಂತ 7: ಅತಿ ಕೆಟ್ಟದ್ದನ್ನು ಆರಿಸುವುದು

ಇಲ್ಲಿ ನಿಧಾನವಾಗಿ ನಡೆಯಿರಿ. ಕೆಟ್ಟ ಆಟವನ್ನು ತಪ್ಪಾಗಿ ಹೊಗಳಿದರೆ ಓದುಗನ ಹಣ ಹೋಗುತ್ತದೆ. ಒಳ್ಳೆಯದನ್ನು ತಪ್ಪಾಗಿ ಬೈದರೆ ಹಲವರ ವರ್ಷಗಟ್ಟಲೆಯ ದುಡಿಮೆಗೆ ಮಸಿ ಹತ್ತುತ್ತದೆ. ಆದ್ದರಿಂದ ಕೆಟ್ಟ ಆಟದ ಪಟ್ಟಿಗೆ ಒಳ್ಳೆಯದರ ಪಟ್ಟಿಗಿಂತ ಹೆಚ್ಚು ಪುರಾವೆ ಬೇಕು, ಕಡಿಮೆಯಲ್ಲ.

ಮೊದಲು ‘ಕೆಟ್ಟದ್ದು’ ಎಂಬ ಒಂದೇ ಮಾತಿನೊಳಗೆ ಬೆರೆತಿರುವ ನಾಲ್ಕು ಸಂಗತಿಗಳನ್ನು ಬಿಡಿಸಿ.

ಒಂದು, ಮಾರಾಟದಲ್ಲಿ ಸೋತದ್ದು. ‘ಕಾಂಕಾರ್ಡ್’ 2024ರ ಆಗಸ್ಟ್ 23ರಂದು ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು, ಕೊಂಡವರಿಗೆ ಹಣ ಮರಳಿತು. ಅದು ವ್ಯಾಪಾರದ ದೊಡ್ಡ ಸೋಲು. ಆದರೆ ಆಟ ಮುರಿದುಬಿದ್ದದ್ದಾಗಿರಲಿಲ್ಲ, ಓಡುತ್ತಿತ್ತು. ಆಡುವವರೇ ಬರಲಿಲ್ಲ. ಸೋಲನ್ನೂ ಕೆಟ್ಟತನವನ್ನೂ ಒಂದೇ ಮಾಡುವುದು ನಾನು ಕಾಣುವ ತಪ್ಪುಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು.

ಎರಡು, ನನಗೆ ಒಗ್ಗದ್ದು. ಕಾರಿನ ಆಟ ಬೇಡವಾದವರಿಗೆ ಎಲ್ಲ ಕಾರಿನ ಆಟಗಳೂ ಬೇಸರವೇ. ಆ ಬಗೆಯನ್ನು ಇಷ್ಟಪಡುವ ಒಬ್ಬರಾದರೂ ಆಡಿ ‘ಹೌದು, ಇದು ಕೆಟ್ಟದ್ದು’ ಎನ್ನುವವರೆಗೆ ಪಟ್ಟಿಗೆ ಬೇಡ.

ಮೂರು, ಮುರಿದದ್ದು. ‘ಸೈಬರ್‌ಪಂಕ್ 2077’ ಹಳೆಯ ಕನ್ಸೋಲ್‌ಗಳಲ್ಲಿ (ಟಿವಿಗೆ ಜೋಡಿಸಿ ಆಡುವ ಯಂತ್ರಗಳಲ್ಲಿ) ಆಡಲಾಗದ ಸ್ಥಿತಿಯಲ್ಲಿತ್ತು. ಪ್ಲೇಸ್ಟೇಷನ್ ಕನ್ಸೋಲ್ ಮಾಡುವ ಸೋನಿ 2020ರ ಡಿಸೆಂಬರ್‌ನಲ್ಲೇ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು, 2021ರ ಜೂನ್‌ನಲ್ಲಿ ಮತ್ತೆ ಸೇರಿಸಿತು. ಅದೇ ಹೊತ್ತಿನಲ್ಲಿ ಒಳ್ಳೆಯ ಕಂಪ್ಯೂಟರ್‌ನಲ್ಲಿ ಆಡಿದವರ ಅನುಭವ ಬೇರೆಯೇ ಆಗಿತ್ತು. 2023ರ ಸೆಪ್ಟೆಂಬರ್‌ನ 2.0 ಪ್ಯಾಚ್ ನಂತರ ಅದು ಮತ್ತೊಂದೇ ಆಟವಾಯಿತು. ಆದ್ದರಿಂದ ಮುರಿದದ್ದನ್ನು ದೂರುವಾಗ ಯಂತ್ರ, ಆವೃತ್ತಿ, ದಿನಾಂಕ ಮೂರೂ ವಾಕ್ಯದೊಳಗೇ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ದೂರು ನಿಲ್ಲುವುದಿಲ್ಲ.

ನಾಲ್ಕು, ಕೊಟ್ಟ ಮಾತಿಗೆ ತಪ್ಪಿದ್ದು. ‘ದಿ ಡೇ ಬಿಫೋರ್’ ವಿಶಾಲವಾದ ತೆರೆದ ಜಗತ್ತಿನಲ್ಲಿ ಸಾವಿರಾರು ಜನ ಒಟ್ಟಿಗೆ ಬದುಕುಳಿಯುವ ಆಟ ಎಂಬಂತೆ ತನ್ನನ್ನು ತೋರಿಸಿಕೊಂಡಿತ್ತು. 2023ರ ಡಿಸೆಂಬರ್ 7ರಂದು ಬಂದದ್ದು ಅದಲ್ಲ. ನಾಲ್ಕು ದಿನಕ್ಕೆ ಸ್ಟುಡಿಯೊ ಬಾಗಿಲು ಹಾಕುವುದಾಗಿ ಹೇಳಿತು, 2024ರ ಜನವರಿಯಲ್ಲಿ ಸರ್ವರ್ ನಿಂತುಹೋಯಿತು.

ನನ್ನ ತೀರ್ಮಾನ ಇದು: ‘ವರ್ಷದ ಅತಿ ಕೆಟ್ಟ ಆಟ’ ಎಂಬ ಹೆಸರು ನಾಲ್ಕನೆಯದಕ್ಕೆ ಮೊದಲು ಸಲ್ಲಬೇಕು, ಆಮೇಲೆ ಮೂರನೆಯದಕ್ಕೆ, ಒಂದು ಮತ್ತು ಎರಡಕ್ಕೆ ಎಂದಿಗೂ ಬೇಡ. ಇಬ್ಬರೇ ಸೇರಿ 200 ರೂಪಾಯಿಗೆ ಮಾರುವ ತೊದಲು ಆಟವೊಂದನ್ನು ಹುಡುಕಿ ತಂದು ಅತಿ ಕೆಟ್ಟದ್ದೆಂದು ಮೆರೆಸುವುದರಲ್ಲಿ ಯಾರಿಗೂ ಪ್ರಯೋಜನವಿಲ್ಲ. ಯಾವ ಆಟಕ್ಕೆ ಜನರ ಹಣವೂ ನಿರೀಕ್ಷೆಯೂ ಹೆಚ್ಚಾಗಿ ಹರಿಯಿತೋ ಅದನ್ನೇ ಪ್ರಶ್ನಿಸಬೇಕು.

ಪುರಾವೆ ಕೂಡಿಸುವ ಬಗೆ: ಆಟ ಬಿಡುಗಡೆಯಾಗುವ ಮೊದಲೇ ಅದರ ಅಂಗಡಿ ಪುಟದ ವಿವರಣೆಯನ್ನು ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಅದನ್ನು ಬದಲಿಸುತ್ತಾರೆ. ಪ್ರತಿ ಬಗ್‌ನ ವಿಡಿಯೊ ತುಣುಕು ಇಡಿ, ಮತ್ತೆ ಅದೇ ರೀತಿ ಮಾಡಿದಾಗ ಅದು ಮರುಕಳಿಸುತ್ತದೆಯೇ ನೋಡಿ. ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿ ಕೇಳಬಹುದು. ಇಲ್ಲೊಂದು ಇಕ್ಕಟ್ಟಿದೆ: ಎರಡು ಗಂಟೆಯಲ್ಲಿ ಹಣ ವಾಪಸ್ ಪಡೆದವರಿಗೆ ಕೆಟ್ಟ ಆಟ ಎಂದು ತೀರ್ಪು ಕೊಡುವಷ್ಟು ಅನುಭವವಿರುವುದಿಲ್ಲ. ನಮ್ಮ ಗುಂಪಿನಲ್ಲಿ ಕನಿಷ್ಠ ಐದು ಗಂಟೆ ಆಡಿದವರು ಇಬ್ಬರಿದ್ದರೆ ಮಾತ್ರ ಕೆಟ್ಟದರ ಪಟ್ಟಿಗೆ ಹೆಸರು. ಆ ಇಬ್ಬರ ಖರ್ಚನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ.

ಬಳಕೆದಾರರ ವಿಮರ್ಶೆಗಳನ್ನು ಓದುವಾಗ ದಿನಾಂಕ ನೋಡಿ. 2024ರ ಮೇ ತಿಂಗಳಲ್ಲಿ ‘ಹೆಲ್‌ಡೈವರ್ಸ್ 2’ ಆಟಕ್ಕೆ ಕೆಲವೇ ದಿನಗಳಲ್ಲಿ ಲಕ್ಷಕ್ಕೂ ಮಿಕ್ಕಿದ ನಕಾರಾತ್ಮಕ ವಿಮರ್ಶೆಗಳು ಬಿದ್ದವು. ಆಟ ಹಾಳಾಗಿರಲಿಲ್ಲ. ಕಂಪ್ಯೂಟರ್‌ನಲ್ಲಿ ಆಡುವವರೂ ಸೋನಿಯ ಖಾತೆ ಜೋಡಿಸಬೇಕು ಎಂಬ ಷರತ್ತಿಗೆ ಜನ ಸಿಟ್ಟಾಗಿದ್ದರು. ಸೋನಿ ಷರತ್ತು ಹಿಂತೆಗೆದುಕೊಂಡಿತು. ಇಂಥ ಪ್ರತಿಭಟನೆಯ ಹೊತ್ತಿನ ಅಂಕವನ್ನು ಆಟದ ಗುಣ ಎಂದು ಓದಿದರೆ ದಾರಿ ತಪ್ಪುತ್ತದೆ. ಸ್ಟೀಮ್ ವಿಮರ್ಶೆಯ ಪಕ್ಕದಲ್ಲಿ ಬರೆದವರು ಎಷ್ಟು ಗಂಟೆ ಆಡಿದ್ದಾರೆ ಎಂದೂ ಇರುತ್ತದೆ. ಅರ್ಧ ಗಂಟೆಯವರ ಮಾತನ್ನು ಬದಿಗಿಟ್ಟು ಹತ್ತು ಗಂಟೆ ದಾಟಿದವರ ದೂರುಗಳನ್ನು ಓದಿ.

## ಹಂತ 8: ಗುಂಪಿನ ಮತದಾನ

ಒಬ್ಬರೇ ಪಟ್ಟಿ ಮಾಡುವವರು ಇದನ್ನು ಬಿಡಬಹುದು.

ಮತ ಗುಟ್ಟಾಗಿರಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬೊಬ್ಬರಾಗಿ ಹೇಳಿದರೆ ಮೊದಲು ಹೇಳಿದವನ ಪಟ್ಟಿಯೇ ಉಳಿದವರ ಪಟ್ಟಿಯಾಗುತ್ತದೆ. ಎಲ್ಲರೂ ಒಬ್ಬರಿಗೆ ಮಾತ್ರ ಕಳಿಸಲಿ, ಎಲ್ಲರದೂ ಬಂದ ಮೇಲೆ ತೆರೆಯಲಿ.

ಮೊದಲ ಸ್ಥಾನಕ್ಕೆ 5, ಎರಡನೆಯದಕ್ಕೆ 4, ಹೀಗೆ ಐದನೆಯದಕ್ಕೆ 1 ಎಂದು ಅಂಕ ಕೊಟ್ಟು ಕೂಡುವ ಲೆಕ್ಕದಲ್ಲಿ ಒಂದು ಹೊಂಡವಿದೆ. ಎಂಟು ಜನರ ಗುಂಪು ಎನ್ನಿ. ಒಂದು ಆಟವನ್ನು ಎಂಟೂ ಜನ ಆಡಿ ಎಲ್ಲರೂ ಮೂರನೆಯ ಸ್ಥಾನ ಕೊಟ್ಟರೆ 24 ಅಂಕ. ಇನ್ನೊಂದನ್ನು ಮೂವರೇ ಆಡಿ, ಮೂವರೂ ಮೊದಲ ಸ್ಥಾನ ಕೊಟ್ಟರೆ 15 ಅಂಕ. ಎರಡನ್ನೂ ಆಡಿದ ಮೂವರೂ ಎರಡನೆಯದೇ ಮೇಲು ಎನ್ನುತ್ತಿದ್ದಾರೆ, ಆದರೂ ಲೆಕ್ಕದಲ್ಲಿ ಮೊದಲನೆಯದು ಗೆಲ್ಲುತ್ತದೆ. ದುಬಾರಿ ಆಟಗಳಿಗೂ, ಯಾರೂ ಕೇಳಿರದ ಸಣ್ಣ ಆಟಗಳಿಗೂ ಹೀಗೆಯೇ ಅನ್ಯಾಯವಾಗುತ್ತದೆ.

ಪರಿಹಾರ ಎರಡು ಭಾಗದ್ದು. ಜನವರಿ ಮೊದಲ ವಾರ ಒಂದು ಕಚ್ಚಾ ಮತ ತೆಗೆಯಿರಿ. ಅದರಲ್ಲಿ ಕಡಿಮೆ ಜನ ಆಡಿ ಹೆಚ್ಚು ಮೆಚ್ಚಿದ ಆಟಗಳನ್ನು ಗುರುತಿಸಿ, ಮುಂದಿನ ಎರಡು ವಾರ ಉಳಿದವರು ಅವನ್ನೇ ಆಡಲಿ. ಕನ್ಸೋಲ್ ಇಲ್ಲದವರು ಇರುವವರ ಮನೆಗೆ ಹೋಗಲಿ, ಯಾದಗಿರಿಯಿಂದ ಬರುವವರಿಗೆ ಒಂದು ಭಾನುವಾರ ಮೀಸಲಿಡಿ. ಆಮೇಲೆ ಕೊನೆಯ ಮತದಲ್ಲಿ ಹಂತ 6ರ ಚೀಟಿ ಪದ್ಧತಿಯನ್ನೇ ಗುಂಪಿಗೆ ಅನ್ವಯಿಸಿ: ಪ್ರತಿ ಜೋಡಿಯಲ್ಲಿ ಎರಡನ್ನೂ ಆಡಿದವರು ಮಾತ್ರ ಕೈ ಎತ್ತಬೇಕು. ಎಷ್ಟೇ ಮಾಡಿದರೂ ಇಬ್ಬರೇ ಆಡಿದ್ದಾಗಿ ಉಳಿದ ಆಟಕ್ಕೆ ಸ್ಥಾನ ಕೊಡದೆ, ಆ ಇಬ್ಬರ ಹೆಸರಿನಲ್ಲಿ ಪ್ರತ್ಯೇಕ ಶಿಫಾರಸು ಬರೆಯಿರಿ.

## ಹಂತ 9: ಬರೆದು ಪ್ರಕಟಿಸುವುದು

ಪ್ರತಿ ಆಟಕ್ಕೆ ಒಂದು ಪ್ಯಾರಾ ಸಾಕು, ಆದರೆ ಅದರಲ್ಲಿ ಆಟದೊಳಗಿನ ಒಂದು ನಿರ್ದಿಷ್ಟ ಘಟನೆ ಇರಲೇಬೇಕು. ಬರೆದಾದ ಮೇಲೆ ಆಟದ ಹೆಸರನ್ನು ಕೈಯಿಂದ ಮುಚ್ಚಿ ಓದಿ. ಬೇರೆ ಯಾವುದೇ ಆಟಕ್ಕೂ ಆ ಪ್ಯಾರಾ ಹೊಂದುತ್ತದೆ ಎನಿಸಿದರೆ ಅದು ಗುಣವಾಚಕಗಳ ಕಂತೆ. ನೋಟ್‌ಬುಕ್ ತೆರೆದು ನಾಲ್ಕನೆಯ ಸಾಲಿನಿಂದ ಮತ್ತೆ ಬರೆಯಿರಿ.

ಕೆಟ್ಟ ಆಟದ ಬಗ್ಗೆ ಬರೆಯುವಾಗ ಮಾಡಿದವರನ್ನು ಹೀಯಾಳಿಸಬೇಡಿ. ಏನು ಹೇಳಿ ಮಾರಿದರು, ಏನು ಕೈಗೆ ಬಂತು, ಎಷ್ಟು ಹಣ, ಈಗಿನ ಸ್ಥಿತಿ ಏನು ಎಂಬ ನಾಲ್ಕು ವಿಷಯ ಬರೆದರೆ ಓದುಗ ತಾನೇ ತೀರ್ಮಾನಿಸುತ್ತಾನೆ.

ಪಟ್ಟಿಯ ತಲೆಯಲ್ಲಿ ನಿಮ್ಮ ನಿಯಮಗಳು, ಎಷ್ಟು ಜನ ಮತ ಹಾಕಿದರು, ಯಾವ ಯಂತ್ರಗಳು, ಮತ್ತು ಆಡಬೇಕೆಂದಿದ್ದು ಆಡಲಾಗದೆ ಉಳಿದ ಆಟಗಳ ಹೆಸರುಗಳು ಇರಲಿ. ಈ ಕೊನೆಯ ಸಾಲನ್ನು ಬರೆಯಲು ಹಿಂಜರಿಯುತ್ತಾರೆ. ನಾನಂತೂ ಯಾರದೇ ಪಟ್ಟಿ ಕೈಗೆ ಬಂದರೆ ಮೊದಲು ಅದನ್ನೇ ಹುಡುಕುತ್ತೇನೆ.

ಪ್ರಕಟಿಸಿದ ಮೇಲೆ ಪ್ಯಾಚ್ ಬಂದು ಆಟ ಸುಧಾರಿಸಿದರೆ ಸ್ಥಾನ ಬದಲಿಸಬೇಡಿ, ಕೆಳಗೆ ದಿನಾಂಕ ಹಾಕಿ ಒಂದು ಟಿಪ್ಪಣಿ ಸೇರಿಸಿ. ‘ನೋ ಮ್ಯಾನ್ಸ್ ಸ್ಕೈ’ 2016ರಲ್ಲಿ ಬೈಗುಳ ತಿಂದು, 2020ರಲ್ಲಿ ‘ದಿ ಗೇಮ್ ಅವಾರ್ಡ್ಸ್’ನ ‘ಮುಂದುವರಿಯುತ್ತಿರುವ ಅತ್ಯುತ್ತಮ ಆಟ’ ಪ್ರಶಸ್ತಿ ಪಡೆಯಿತು. 2016ರ ಪಟ್ಟಿಯೂ ಸರಿ, 2020ರದೂ ಸರಿ. ಎರಡರ ನಡುವಿನ ಟಿಪ್ಪಣಿಗಳಿಗೆಂದು ನೋಟ್‌ಬುಕ್ಕಿನ ಕೊನೆಯ ಹತ್ತು ಪುಟಗಳನ್ನು ಖಾಲಿ ಬಿಡಿ.